ಶಾಮಲಾ ಚಿಕ್ಕಮ್ಮನ ಕಾಲುಂಗುರ

ಮೇದಿನಿಯ ಹೊಸ ಮೆಟಲ್ ಡಿಟೆಕ್ಟರ್ ಮಷೀನ್ ಬೀಚಿನ ಒದ್ದೆ ಮರಳಿಗೆ ಮೂತಿ ಇಟ್ಟಿದ್ದೇ ತಡ, ಹಸಿದ ಮಗುವಿನ ಹಾಗೆ ಅರಚತೊಡಗಿತು. ಅಗೆದಳು. ಏನೂ ಇಲ್ಲ. ಸ್ವಲ್ಪ ಮುಂದೆ ಹೋದಳು. ಮತ್ತೆ ಅರಚಾಟ, ಮತ್ತೆ ಬರೀ ಮರಳು.

"ಬಾಯ್ಮುಚ್ಕೊಂಡಿರು ಮಂಕುಮುಂಡೇದೇ!"

ಹಿಂದಿನಿಂದ ಯಾರೋ ನಕ್ಕರು. "ಅದಕ್ಯಾಕ ಬೈತೀರಿ? ಉಪ್ಪುನೀರಿನ ಮರಳಿಗೆ ಅದು ಹಂಗ ಒದರತೈತಿ. ಸೆಟ್ಟಿಂಗ್‌ನ್ಯಾಗ ಬೀಚ್ ಅಂತ ಐತಿ ನೋಡ್ರಿ, ಅದಕ್ಕ ಹಾಕ್ರಿ."

ತಿರುಗಿದಳು. ಕತ್ತಿಗೆ ಹೆಡ್‌ಫೋನ್, ಕೈಯಲ್ಲಿ ತೂತುತೂತಿನ ಸಲಿಕೆ, ಬಿಸಿಲಿಗೆ ಕಂದಿದ ಮೂಗು. ಚನ್ನವೀರ, ಊರು ಗದಗ, ಈ ಪರದೇಶದಲ್ಲಿ ಟೆಲಿಕಾಂ ಇಂಜಿನಿಯರ್. ಶನಿವಾರ ಬೆಳಗಾದರೆ ಬೀಚಿನಲ್ಲಿ ಹಾಜರು. ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು.

"ಏನ್ ಕಳಕೊಂಡೀರಿ?"

"ಕಾಲುಂಗುರ. ಬೆಳ್ಳೀದು. ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ಇಲ್ಲೇ ಎಲ್ಲೋ ಬಿದ್ದೋಯ್ತು. ನಮ್ ಚಿಕ್ಕಮ್ಮ ಅವತ್ತಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ."

ಗುಳಿ ಮಾಯವಾಯಿತು. "ಹುಡುಕೋಣ ಬಿಡ್ರಿ, ಮೇಡಂ," ಎಂದ ಚನ್ನವೀರ. ಅವಳ ಮುಖದ ಮೇಲಿದ್ದ ತನ್ನ ನೋಟವನ್ನು ಕಿತ್ತು ಮಷೀನಿನ ಮೇಲಿಟ್ಟ.

ಕಾರ್ಮೆಲ್ ವ್ಯಾಲಿಯ ಮನೆಯಲ್ಲಿ ಶಾಮಲಾ ಚಿಕ್ಕಮ್ಮನ ಕಣ್ಣೀರು ನಿಂತಿರಲಿಲ್ಲ. ಚಿಕ್ಕಪ್ಪನಿಗೆ ಹಾರ್ಟ್ ಆಪರೇಷನ್ ಎದುರಿಗಿತ್ತು. "ಹೊಸ ಜೊತೆ ತಂದರಾಯ್ತು ಕಣೇ" ಎಂದು ಚಿಕ್ಕಪ್ಪ ಸಮಾಧಾನ ಹೇಳಿದರೆ, "ಧಾರೆಯ ದಿನ ನೀವೇ ಕಾಲು ಹಿಡಿದು ತೊಡಿಸಿದ್ದು ಅಂಗಡಿಯಲ್ಲಿ ಸಿಗುತ್ತಾ?" ಎಂದು ಇನ್ನಷ್ಟು ಅಳುತ್ತಿದ್ದರು. ಲಾ ಹೋಯಾದಲ್ಲಿ ಸಮುದ್ರದ ಮೇಲೆ ಸಂಶೋಧನೆ ಮಾಡುವ ಮೇದಿನಿ ಅಂದೇ ಮಷೀನ್ ಆರ್ಡರ್ ಮಾಡಿದ್ದಳು. ಹಿಡಿದದ್ದನ್ನು ಬಿಡುವ ಜಾಯಮಾನ ಅವಳದಲ್ಲ.

ಹಾಗೆ ಶನಿವಾರಗಳು ಶುರುವಾದವು.

"ಕಸ ಗುಡಿಸಿದಂಗ ಮ್ಯಾಲೆ ಎತ್ತಬ್ಯಾಡ್ರಿ. ನೆಲಕ್ಕ ಸಮಾ ಇರ್ಲಿ, ನಿಧಾನ ಆಡಿಸ್ರಿ."

ಅವಳು ನಿಧಾನಿಸಿದಳು. ಮಧ್ಯೆ ತೂತಿರುವ ದುಂಡನೆಯದೊಂದು ಸಿಕ್ಕಾಗ ಕುಣಿದಾಡಿದಳು. "ಪುರಾತನ ನಾಣ್ಯ!"

ಅವನು ಗಂಭೀರವಾಗಿ ತಿರುಗಿಸಿ ನೋಡಿದ. "ಭಾಳ ಪುರಾತನ ವಾಷರ್ ರೀ."

ಮುಂದಿನ ವಾರ ಸಿಕ್ಕಿದ್ದು ನಿಜವಾಗಿ ಹಳೆಯದು: ಲಂಗರಿನ ಗುರುತಿದ್ದ ಹಿತ್ತಾಳೆ ಗುಂಡಿ, ಯಾವನೋ ನೌಕಾಪಡೆಯವನ ಕೋಟಿನದು. ಮೇದಿನಿ ಮನೆಗೊಯ್ದು ದೇವರ ದೀಪದಂತೆ ಹುಣಸೆಹಣ್ಣು ಹಾಕಿ ತಿಕ್ಕಿ, ಥಳಥಳ ಹೊಳೆಸಿ ತಂದಳು. ಚನ್ನವೀರ ತಲೆಗೆ ಕೈ ಹಚ್ಚಿ ಕುಳಿತ. "ಹಳೇ ಬಣ್ಣನೇ ಅದರ ವಯಸ್ಸಿನ ಸಾಕ್ಷಿ ಆಗಿತ್ತಲ್ರೀ! ಈಗ ನಿನ್ನೆ ಹುಟ್ಟಿದಂಗ ಕಾಣ್ತೈತಿ."

"ವಯಸ್ಸು ಮುಚ್ಚಿಟ್ರೆ ಯಾರಿಗೇನು ನಷ್ಟ?" ಎಂದು ಅವಳು ಕಣ್ಣು ಮಿಟುಕಿಸಿದಳು. ಅವನು ನಗಲು ಹೋಗಿ, ಏನೋ ನೆನಪಾದವನಂತೆ ಸಮುದ್ರದ ಕಡೆ ತಿರುಗಿದ.

ಪ್ರತಿ ಸಲವೂ ಹೀಗೆಯೇ. ಅವಳು ಬಗ್ಗಿದಾಗ ಅವನ ನೋಟ ಹಣೆಯ ಮೇಲಿನ ಕೂದಲಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅವಳು ತಲೆಯೆತ್ತಿದರೆ ಮತ್ತದೇ "ಮೇಡಂ". ಅವನು ಅವಳಿಗೆ ಇಷ್ಟವಾಗಿದ್ದ. ತನಗೆ ತಾನೇ ಸುಳ್ಳು ಹೇಳಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಅವನಿಗೂ ತಾನು ಇಷ್ಟವೆಂಬುದು ಅವಳಿಗೆ ಗೊತ್ತಿತ್ತು. ಮತ್ತೆ ಯಾಕೆ ಹಿಂದೇಟು ಎಂಬುದು ಮಾತ್ರ ಹೊಳೆಯಲಿಲ್ಲ. ಉಂಗುರ ಸಿಕ್ಕಿದರೆ ಶನಿವಾರಗಳು ಮುಗಿದಂತೆ. ಸಿಗದಿದ್ದರೆ ಚಿಕ್ಕಮ್ಮನ ಮುಖ ನೋಡುವಂತಿಲ್ಲ.

"ಕಾಲುಂಗುರದ ಬಾಯಿ ತೆರೆದಿರತೈತಿ, ಅದಕ್ಕ ದನಿ ಸಣ್ಣದು. ಕಸ ಅಂತ ಬಿಟ್ಟೀರಿ ಮತ್ತ," ಎಂದು ಅವನು ಹೇಳಿಕೊಟ್ಟಿದ್ದ. ಆಪರೇಷನ್ನಿಗೆ ಮುಂಚಿನ ಶನಿವಾರ, ಅಂಥದೇ ಸಣ್ಣ ದನಿಗೆ ಮೇದಿನಿ ಅಗೆದಳು. ತೂತಿನ ಸಲಿಕೆಯ ತಳದಲ್ಲಿ ಕಪ್ಪಾದ ಬೆಳ್ಳಿ ಸುರುಳಿಯೊಂದು ಉಳಿಯಿತು: ಅದೇ ಕಾಲುಂಗುರ.

ಚನ್ನವೀರ ಅದನ್ನು ಅಲೆಯಲ್ಲಿ ತೊಳೆದು ಅವಳ ಅಂಗೈಗೆ ಹಾಕಿದ, ಬೆರಳು ತಾಗದ ಹಾಗೆ.

"ಮನಿಯವರಿಗೆ ತೋರಸ್ರಿ, ಖುಷಿ ಪಡ್ತಾರ. ಮುಂದಿನ ವಾರದಿಂದ ನಾ ಲಾಂಗ್ ಬೀಚ್ ಕಡೆ ಹೋಗ್ತೀನ್ರಿ."

"ಅಷ್ಟು ದೂರ ಡ್ರೈವ್ ಮಾಡ್ಕೊಂಡು? ಯಾಕೆ?"

ಅವನು ಬಹಳ ಹೊತ್ತು ಹೆಡ್‌ಫೋನಿನ ವೈರ್ ಬಿಡಿಸಿದ. "ಇನ್ನೊಬ್ಬರ ಹೆಂಡ್ತಿ ಸಲುವಾಗಿ ವಾರವಿಡೀ ಶನಿವಾರದ ದಾರಿ ಕಾಯೋದು ನಮ್ಮವ್ವ ಕಲಿಸಿದ್ದಲ್ರಿ, ಮೇಡಂ."

ಮೇದಿನಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಕುತ್ತಿಗೆವರೆಗೆ ಜಾಕೆಟ್, ಕಾಲಿಗೆ ರಬ್ಬರ್ ಬೂಟು, ಹುಡುಕುವುದು ಕಾಲುಂಗುರ! ನಗು ಉಕ್ಕಿತು, ಜೊತೆಗೆ ಕಣ್ಣಲ್ಲಿ ನೀರೂ ಬಂತು.

"ಬನ್ನಿ ಇಲ್ಲಿ." ಒಣ ಮರಳಿಗೆ ನಡೆದು ಕುಳಿತಳು. ಬೂಟು ಎಳೆದಳು, ಸಾಕ್ಸ್ ಕಿತ್ತೆಸೆದಳು, ಬರಿಗಾಲುಗಳನ್ನು ಅವನ ಮುಂದೆ ಚಾಚಿದಳು. "ನಿಮ್ ಮಷೀನ್ ಆಡಿಸಿ."

"ಅಲ್ರೀ..."

"ಆಡಿಸಿ ಅಂದೆ. ನೆಲಕ್ಕೆ ಸಮವಾಗಿ, ನಿಧಾನಕ್ಕೆ."

ಬಲಗಾಲಿನ ಮೇಲೆ ಮಷೀನ್ ಹಾದುಹೋಯಿತು. ಸದ್ದಿಲ್ಲ. ಎಡಗಾಲಿನ ಮೇಲೂ ಇಲ್ಲ.

"ಏನೂ... ಇಲ್ಲಲ್ರೀ!"

"ಇಲ್ಲ. ಉಂಗುರ ಚಿಕ್ಕಮ್ಮಂದು. ಒಂದ್ ಮಾತು ಕೇಳೋಕೇನಾಗಿತ್ತು ನಿಮಗೆ?"

ಅವನ ಕೆನ್ನೆಯ ಗುಳಿ ಮೆಲ್ಲಗೆ ಮರಳಿ ಬಂತು. "ಇನ್ನೊಮ್ಮೆ ನೋಡ್ಲೇನ್ರಿ, ಮೇಡ..." ನಾಲಿಗೆ ಕಚ್ಚಿಕೊಂಡ. "ಮೇದಿನಿ?"

"ಎಷ್ಟು ಸಲ ಬೇಕಾದ್ರೂ ನೋಡಿ," ಎಂದಳು ಅವಳು, ಕಾಲು ಹಿಂದಕ್ಕೆ ಎಳೆದುಕೊಳ್ಳದೆ. "ಅದು ಕೂಗೋ ಹಾಗೆ ಮಾಡೋದು ಇನ್ಮೇಲೆ ನಿಮ್ಮ ಕೆಲಸ."