ಟ್ಯಾಂಕಿನ ಮೇಲಿನ ಬಂಗಾರ

"ತಗ್ಗು ತೆಗೀರಿ, ಬಣ್ಣ ಮಾತ್ರ ಮುಟ್ಟಬ್ಯಾಡ್ರಿ. ಮುಟ್ಟಂಗಿದ್ರೆ ಈಗಲೇ ಹೇಳಿಬಿಡ್ರಿ, ವಾಪಸ್ ಒಯ್ತೀನಿ."

ನಮಸ್ಕಾರವಿಲ್ಲ, ಏನಿಲ್ಲ... ಜಗಳೂರಿನ ತನ್ನ ಅಂಗಡಿಗೆ ಬೈಕು ತಂದವನ ಮೊದಲ ಮಾತಿಗೇ ಚೌಡೇಶ್ವರಿಗೆ ಮೈಯೆಲ್ಲ ಉರಿಯಿತು. ಬಣ್ಣ ಹೊಡೆಯದೆ ಗಾಡಿಯ ತಗ್ಗು ತೆಗೆಯುವುದೇ ಅವಳ ಕಸುಬು. ಅವಳಿಗೇ ಪಾಠ ಹೇಳುವುದಾ!

ಆದರೆ ಪೆಟ್ರೋಲ್ ಟ್ಯಾಂಕು ತಗ್ಗಾದ ಕಥೆಯನ್ನು ಅವನು ಹೇಳಿದಾಗ ನಗು ತಡೆಯಲಾಗಲಿಲ್ಲ. ಅವನು ಬಿಳಿಚೋಡಿನ ಓಂಕಾರ್. ಮನೆಯ ಟಗರು ಹೊಳೆಯುವ ಟ್ಯಾಂಕಿನಲ್ಲಿ ತನ್ನ ಮುಖವನ್ನೇ ಕಂಡು, ಬೇರೆ ಟಗರೆಂದುಕೊಂಡು ಗುದ್ದಿತ್ತಂತೆ. ಹೇಳುತ್ತಾ ಅವನೂ ನಕ್ಕ.

ಹಾಳಾದ ನಗು... ಎಷ್ಟು ಚೆಂದ!

ಟ್ಯಾಂಕು ಬಿಚ್ಚಿಕೊಟ್ಟು ಹೋದ. ಕೆಲಸಕ್ಕೆ ಕೂತಾಗಲೇ ಅವಳು ಅದನ್ನು ಕಂಡದ್ದು. ತಗ್ಗಿನ ನಟ್ಟನಡುವೆ, ಬಿಳಿ ಬಣ್ಣದಲ್ಲಿ, ಸೊಟ್ಟ ಸೊಟ್ಟ ಅಕ್ಷರಗಳಲ್ಲಿ 'ಬಂಗಾರ' ಎಂದಿತ್ತು.

ಓಹೋ... ಯಾವಳೋ ಪ್ರೀತಿಯಿಂದ ಬರೆದಿದ್ದಾಳೆ. ಅದಕ್ಕೇ ಬಣ್ಣದ ಮೇಲೆ ಇಷ್ಟು ಜೀವ!

'ಇದ್ದರೆ ಇರಲಿ, ನನಗೇನಂತೆ?' ಎಂದುಕೊಂಡಳು. ಅಂದುಕೊಂಡಷ್ಟಕ್ಕೆ ಮನಸ್ಸು ಕೇಳಬೇಕಲ್ಲ! ಓಂಕಾರ್ ದಿನಾ ಟ್ಯಾಂಕು ನೋಡುವ ನೆಪದಲ್ಲಿ ಬಂದ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದ. ಅವಳು ಮುಖ ಕೊಟ್ಟು ಮಾತಾಡಲಿಲ್ಲ. ಅವನು ಹೋದ ಮೇಲೆ ಮಾತ್ರ ಬಾಗಿಲು ನೋಡುತ್ತ ಕೂತಳು.

ಪೆಟ್ರೋಲೆಲ್ಲ ತೆಗೆದು, ತೊಳೆದು ಒಣಗಿಸಿದ ಟ್ಯಾಂಕನ್ನು ಬಿಸಿನೀರಿನ ಬಟ್ಟೆಯಿಂದ ಬೆಚ್ಚಗೆ ಮಾಡಿದಳು. ತಗ್ಗಿಗೆ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿ, ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಅವಸರಪಟ್ಟರೆ ಬಣ್ಣವೇ ಕಿತ್ತು ಬರುತ್ತದೆ.

ಒಂದೇ ಒಂದು ಜೋರು ಎಳೆತ... ಬಂಗಾರ ಮಾಯ! ಕೈತಪ್ಪಿ ಕಿತ್ತುಬಂತು ಎಂದರೆ ಯಾರು ಕೇಳುತ್ತಾರೆ?

ಆದರೆ ಹಾಗೆ ಮಾಡಿದರೆ ಆ ನಗು ಮತ್ತೆಂದೂ ಕಾಣಲಿಕ್ಕಿಲ್ಲ ಅನ್ನಿಸಿತು. ಬಿಲ್ಲೆಯನ್ನು ಸಡಿಲಿಸಿ, ಮತ್ತೆ ಮೊದಲಿಂದ, ಮಗುವಿನ ತಲೆ ಬಾಚುವಷ್ಟು ಮೆತ್ತಗೆ ಎಳೆದಳು. ಕಣ್ಣೀರು ಮಾತ್ರ ತಡೆಯಲಾಗಲಿಲ್ಲ.

ಓಂಕಾರ್ ಬಂದಾಗ ತಗ್ಗು ಇದ್ದ ಗುರುತೇ ಇರಲಿಲ್ಲ. ಅಕ್ಷರಗಳನ್ನು ಬೆರಳಿನಿಂದ ಸವರಿದ ಅವನ ಕಣ್ಣು ಒದ್ದೆಯಾಯಿತು.

"ನಿಮ್ಮ ಬಂಗಾರಕ್ಕೆ ಏನೂ ಆಗಿಲ್ಲ," ಅಂದಳು ಚೌಡೇಶ್ವರಿ, ಬೇರೆ ಕಡೆ ನೋಡುತ್ತ. "ಬರೆದೋರನ್ನ ಕೇಳಿದೆ ಅಂತ ಹೇಳ್ರಿ."

"ಹೇಳ್ತೀನಿ. ಅವ್ವಗೆ ಭಾಳ ಖುಷಿ ಆಗ್ತೈತೆ."

"ಅವ್ವಗಾ?"

"ಅವ್ವನ ಹೆಸರು ಬಂಗಾರಮ್ಮ ರೀ. ವಯಸ್ಕರ ಶಾಲೆಗೆ ಹೋಗಿ ಬರೆಯಾಕೆ ಕಲಿತು, ಮೊದಲು ಬರೆದ ಹೆಸರು ಇದು. ಆಗ ಒತ್ತಕ್ಷರ ಬರ್ತಿರಲಿಲ್ಲ... ಅದಕ್ಕೇ ಕೊನೇ 'ಮ್ಮ' ಬಿಟ್ಟಾಳೆ."

ಚೌಡೇಶ್ವರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಕಣ್ಣಲ್ಲಿ ನೀರಿದ್ದೂ ನಕ್ಕುಬಿಟ್ಟಳು. ತಾನು ಏನೆಂದುಕೊಂಡಿದ್ದೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು.

ಅವನು ನಗಲಿಲ್ಲ. ಟ್ಯಾಂಕನ್ನು ಮೆಲ್ಲಗೆ ತಿರುಗಿಸಿದ.

"ಈ ಪಕ್ಕ ಖಾಲಿ ಐತೆ ನೋಡ್ರಿ. ದಿನಾ ಬಂದಿದ್ದು ಟ್ಯಾಂಕ್ ನೋಡಾಕಲ್ಲ... ನಿಮ್ಮನ್ನ ನೋಡಾಕೆ. ಇಲ್ಲಿ ನಿಮ್ಮ ಹೆಸರು ಬರೆಸಲೇನ್ರಿ?"

"ನನ್ನ ಹೆಸರಾಗೂ ಒತ್ತಕ್ಷರ ಐತಲ್ರೀ..."

"ಅವ್ವ ಈಗ ಅದನ್ನೇ ಕಲೀತಾ ಇದಾಳೆ."

"ಹಂಗಾದ್ರೆ ಅವರ ಕೈಲೇ ಬರೆಸ್ರಿ. ನಿಧಾನಕ್ಕೆ ಕಲೀಲಿ... ನಾನು ಕಾಯ್ತೀನಿ."