ಒಳಗಿದ್ದವಳು ಹೊರಗಿದ್ದಾಳಂತೆ

"ನಿಲ್ಲಿ. ನಿಮ್ಮ ಕಾರ್ಡು?"

ಗೆಳತಿ ತೆಗೆದ ಬಾಗಿಲಲ್ಲಿ ಹಿಂದೆಯೇ ನುಸುಳುತ್ತಿದ್ದ ಅವಳು ಗಕ್ಕನೆ ನಿಂತಳು. ಆಸ್ಪತ್ರೆಯ ಔಷಧಿ ಉಗ್ರಾಣವೆಂದರೆ ಅವಳ ಮಾತೇ ನಡೆಯುವ ಜಾಗ. ಅಲ್ಲಿ ಅವಳನ್ನೇ ತಡೆಯುವವನು ಯಾರಪ್ಪ?

ಬಾಗಿಲುಗಳಿಗೆ ಕಾರ್ಡ್ ಯಂತ್ರ ಕೂರಿಸಲು ಬಂದವನು. ಕೈಯಲ್ಲಿ ಸ್ಕ್ರೂಡ್ರೈವರ್, ತುಟಿಯಲ್ಲಿ ನಗುವಿಲ್ಲ... ಕಣ್ಣು ಮಾತ್ರ ನಗುತ್ತಿತ್ತು.

"ಇವಳು ತೆಗೆದಳಲ್ಲ, ಸಾಲದಾ?"

"ಸಾಲದು. ಬರುವಾಗಲೂ ಹೋಗುವಾಗಲೂ ಅವರವರ ಕಾರ್ಡ್ ಅವರವರೇ ಹಿಡೀಬೇಕು. ಇಲ್ಲದಿದ್ರೆ ಯಾರು ಒಳಗಿದ್ದಾರೆ ಅಂತ ಯಂತ್ರಕ್ಕೆ ಗೊತ್ತಾಗಲ್ಲ."

ಮೂಗಿನ ತುದಿಯಲ್ಲೇ ಕೋಪವಿರುವ ಹುಡುಗಿ. ಆದರೂ ಅವನ ಮೇಲೆ ಅದು ಹೆಚ್ಚು ದಿನ ನಿಲ್ಲಲಿಲ್ಲ. ಯಂತ್ರ ನೋಡುವ ನೆಪದಲ್ಲಿ ಅವನು ಬರುವುದು, ಚಹಾದ ನೆಪದಲ್ಲಿ ಇವಳು ಕೂರಿಸಿಕೊಳ್ಳುವುದು ರೂಢಿಯಾಯಿತು.

ಒಂದು ಸಂಜೆ ಅವನೇ ಕೇಳಿದ. "ನಿಮ್ಮ ಅಮ್ಮನ ಹತ್ರ ಬಂದು ಮಾತಾಡ್ಲಾ?"

ಹೂಂ ಎನ್ನಲು ಅವಳಿಗೂ ಆಸೆಯೇ. ಬಾಯಿಗೆ ಬಂದದ್ದು ಮಾತ್ರ, "ಯೋಚನೆ ಮಾಡಿ ಹೇಳ್ತೀನಿ."

ಮರುದಿನ ಬೆಳಿಗ್ಗೆ ಇಬ್ಬರೂ ಏನೂ ಆಗದವರಂತೆ ಹರಟುತ್ತಾ ಒಳಗೆ ಬಂದರು. ಮಧ್ಯಾಹ್ನ ವಾರ್ಡಿನಿಂದ ಔಷಧಿ ಬೇಕೆಂದು ಕರೆ ಬಂತು. ಅವಳು ಪೆಟ್ಟಿಗೆ ಎತ್ತಿಕೊಂಡು ಬಾಗಿಲ ಬಳಿ ಕಾರ್ಡ್ ಹಿಡಿದರೆ... ಕೆಂಪು ದೀಪ! ಮತ್ತೆ ಹಿಡಿದಳು. ಮತ್ತೂ ಕೆಂಪು. ಕೊನೆಗೆ ಗೆಳತಿ ಬಂದು ತೆಗೆಯಬೇಕಾಯಿತು.

'ಹೂಂ ಅನ್ನಲಿಲ್ಲ ಅಂತ ನನ್ನ ಕಾರ್ಡನ್ನೇ ನಿಲ್ಲಿಸಿಬಿಟ್ಟನಾ? ಇಷ್ಟೇನಾ ಇವನ ಪ್ರೀತಿ?'

ಅಳು ಒತ್ತರಿಸಿ ಬಂತು. ಅದೇ ಉರಿಯಲ್ಲಿ ಮೇಲ್ವಿಚಾರಕಿಯ ಬಳಿ ಹೋಗಿ, "ಅವರು ಬೇಡ ಮೇಡಂ, ಬೇರೆಯವರನ್ನ ಕಳಿಸೋಕೆ ಹೇಳಿ," ಎಂದುಬಿಟ್ಟಳು.

ಸಂಜೆ ಅವನು ಚೀಲ ಹೆಗಲಿಗೇರಿಸಿಕೊಂಡೇ ಬಂದ. ಮುಖ ಬಾಡಿತ್ತು.

"ಬೆಳಿಗ್ಗೆ ಕಾರ್ಡ್ ಹಿಡಿದ್ರಾ?"

ಅವಳು ಬೆಳಿಗ್ಗೆ ಬಂದದ್ದನ್ನು ನೆನಪಿಸಿಕೊಂಡಳು. ಇಲ್ಲ... ಅವನು ಬಾಗಿಲು ತೆಗೆದಿದ್ದ, ಇವಳು ಮಾತಾಡುತ್ತಲೇ ಹಿಂದೆ ನಡೆದುಬಂದಿದ್ದಳು.

"ಯಂತ್ರದ ಪ್ರಕಾರ ನೀವು ಇನ್ನೂ ಹೊರಗಡೇನೇ ಇದ್ರಿ. ಒಳಗೇ ಬರದವರನ್ನ ಅದು ಹೊರಗೆ ಹೇಗೆ ಬಿಡತ್ತೆ? ಈಗ ಸರಿ ಮಾಡಿದ್ದೀನಿ."

"ನೀವಾದ್ರೂ ನೆನಪಿಸಬಾರದಿತ್ತಾ?"

"ನೀವು ಪಕ್ಕದಲ್ಲಿದ್ರೆ ನಂಗೆ ಬಾಗಿಲು ಎಲ್ಲಿ ನೆನಪಿರತ್ತೆ? ತಪ್ಪು ನಂದೇ ಅಂತ ಮೇಡಂಗೆ ಹೇಳಿದ್ದೀನಿ. ನಾಳೆಯಿಂದ ಬೇರೆ ಕಟ್ಟಡ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಬರಲಿ, ಬಿಡಲಿ, ಅವಳು ನೇರ ಮೇಲ್ವಿಚಾರಕಿಯ ಕೋಣೆಗೆ ನಡೆದಳು.

"ಮೇಡಂ, ಕಾರ್ಡ್ ಹಿಡಿಯದೆ ಬಂದವಳು ನಾನು. ಸುಮ್ಮನೆ ಅವರ ಮೇಲೆ ಹಾಕಿದೆ. ಅವರನ್ನ ಕಳಿಸಬೇಡಿ."

ಮೇಲ್ವಿಚಾರಕಿ ಕನ್ನಡಕದ ಮೇಲಿಂದ ನೋಡಿದರು. "ಮಧ್ಯಾಹ್ನ ಬೇಡ, ಸಂಜೆ ಬೇಕು. ಕೆಲಸಕ್ಕೆ ಬೇಕಾ ತಾಯಿ, ಮನೆಗೆ ಬೇಕಾ?"

"ಎರಡಕ್ಕೂ," ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಅವರು ನಗುತ್ತಾ ಫೋನ್ ಎತ್ತಿಕೊಂಡರು.

ಅವನು ಇನ್ನೂ ಮೆಟ್ಟಿಲ ಬಳಿಯೇ ನಿಂತಿದ್ದ. ಅವಳು ಏದುಸಿರು ಬಿಡುತ್ತಾ ಬಂದಳು.

"ನಾಳೆ ಇಲ್ಲಿಗೇ ಬನ್ನಿ. ಇವತ್ತು ನಮ್ಮನೆಗೆ ಬನ್ನಿ. ಅನುಮಾನಪಟ್ಟೆ, ಕ್ಷಮಿಸಿಬಿಡಿ... ನೀವಂದ್ರೆ ನಂಗೆ ತುಂಬಾ ಇಷ್ಟ."

ಅವನ ಕಣ್ಣು ತುಂಬಿ ಬಂತು.

"ಅಮ್ಮ ಒಪ್ಪದಿದ್ರೆ?"

"ಒಪ್ಪೋವರೆಗೂ ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ."