ಮಡಿಲಲ್ಲಿ ಬಲೆ

‘ಳ’ದ ಬಾಲ ಮತ್ತೆ ಮೇಲಿನ ಸಾಲಿಗೆ ಹಾರಿತು.

ಜಯ ಪೆನ್ನು ಕೆಳಗಿಟ್ಟು ಪಕ್ಕಕ್ಕೆ ನೋಡಿದಳು. ಝೈನಬ್ ಮುಂದೆ ಹಿಂದೆ, ಮುಂದೆ ಹಿಂದೆ ತೂಗುತ್ತಿದ್ದಳು. ಅವಳ ಜೊತೆ ಬೆಂಚು, ಬೆಂಚಿನ ಜೊತೆ ಜಯ, ಇಬ್ಬರ ಎದುರಿಗೆ ಶಾಯಿ ಕುಡಿಕೆಯೂ ತೂಗುತ್ತಿತ್ತು.

ರಾಫೆಲ್ ಮಾಸ್ಟ್ರು ಕಾಪಿ ಪುಸ್ತಕ ಎತ್ತಿ ನೋಡಿದರು. “ಇದೆಂತ ಮಾರಾಯ್ತಿ, ಅಕ್ಷರವಾ, ಏಡಿಯಾ?”

“ಬೆಂಚು ಅಲ್ಲಾಡ್ತದೆ ಸಾರ್. ನಾನಲ್ಲ, ಇವಳು.”

ಮಾಸ್ಟ್ರು ಝೈನಬಳ ಕಡೆ ತಿರುಗಿ, “ಸುಮ್ಮನೆ ಕೂತ್ಕೋ” ಎಂದು ಗದರಿದರು.

“ಸುಮ್ಮನೆ ಕೂತ್ಕೋ,” ಎಂದಳು ಝೈನಬ್, ಕಿಟಕಿ ನೋಡುತ್ತಾ, ಅದೇ ದಪ್ಪ ಸ್ವರದಲ್ಲಿ.

ಮಕ್ಕಳೆಲ್ಲ ತುಟಿ ಕಚ್ಚಿಕೊಂಡರು. ಝೈನಬ್ ತನ್ನದೇ ಮಾತು ಆಡುವುದು ಕಡಿಮೆ. ಕೇಳಿದ ಮಾತನ್ನು ಹಾಗೇ ವಾಪಸು ಕೊಡುವುದು ಅವಳ ಕ್ರಮ. ಆದರೆ ಈ ಮಾತು ಸರಿಯಾದ ಜಾಗಕ್ಕೇ ಹೋಗಿತ್ತು. ಕುರ್ಚಿಯಲ್ಲಿ ಕೂತರೆ ಸಾಕು, ಮಾಸ್ಟ್ರ ಬಲ ಮೊಣಕಾಲು ಕುಣಿಯಲು ಶುರುಮಾಡುತ್ತಿತ್ತು. ಅದರ ಹಿಂದೆಯೇ ಮೇಜು ಟಕಟಕ ಎನ್ನುತ್ತಿತ್ತು. ಕಡಲತಡಿಯ ಬೆಂಗ್ರೆಯ ಆ ಶಾಲೆಯಲ್ಲಿ ಮಕ್ಕಳು ಅವರಿಗೆ ಇಟ್ಟ ಹೆಸರು ‘ಹೊಲಿಗೆ ಮೆಷಿನ್’.

ಸಂಜೆ ಬೆಲ್ ಹೊಡೆದ ಮೇಲೆ ಮಾಸ್ಟ್ರು ಜಯಳನ್ನು ಕರೆದರು. ಮರುದಿನ ಪೇಟೆಯಿಂದ ದೋಣಿಯಲ್ಲಿ ಹೊಳೆ ದಾಟಿ ಶಾಲಾ ಇನ್‌ಸ್ಪೆಕ್ಟರ್ ಬರುವವರಿದ್ದರು. ಅವರ ಎದುರಿಗೆ ಝೈನಬ್ ತೂಗಿದರೆ ಶಾಲೆಯ ಮರ್ಯಾದೆ ಹೋಗುತ್ತದೆ ಎಂದು ಮಾಸ್ಟ್ರಿಗೆ ಚಿಂತೆ.

“ಅವಳ ಅಮ್ಮನಿಗೆ ಹೇಳು. ನಾಳೆಯಿಂದ ಕಳಿಸುವುದು ಬೇಡ. ಮನೆಯಲ್ಲೇ ಇರಲಿ.”

“ನಾಳೆಯಿಂದಲಾ ಸಾರ್, ನಾಳೆ ಮಾತ್ರವಾ?”

“ನಾಳೆಯಿಂದ.”

ಜಯಳಿಗೆ ಖುಷಿಯೇ ಆಯಿತು. ಇನ್ನು ಇಡೀ ಬೆಂಚು ತನ್ನದು. ಮೊಣಕೈ ಅಗಲಿಸಿ ಬರೆಯಬಹುದು. ಮರಳಿನಲ್ಲಿ ನಡೆಯುತ್ತಾ ಮಾಸ್ಟ್ರ ಮಾತನ್ನು ಬಾಯಿಪಾಠ ಮಾಡಿಕೊಂಡಳು.

ಝೈನಬಳ ಅಮ್ಮ ಅಲೀಮಮ್ಮ ಅಂಗಳದಲ್ಲಿ ಬಲೆಗಳ ತೂತು ಹೊಲಿಯುತ್ತಿದ್ದರು. ಬಾಗಿಲಲ್ಲಿ ಝೈನಬ್ ಕೂತಿದ್ದಳು. ಅವಳ ಮಡಿಲ ತುಂಬ ಒಂದು ಹಳೆಯ ಬೀಸುಬಲೆ. ಅದರ ಅಂಚಿನ ಸೀಸದ ಗುಂಡುಗಳನ್ನು ಅವಳು ಒಂದೊಂದಾಗಿ ಬೆರಳಲ್ಲಿ ಸರಿಸುತ್ತಿದ್ದಳು. ತೂಗುತ್ತಿರಲಿಲ್ಲ. ಒಂದಿಷ್ಟೂ ಇಲ್ಲ.

“ಅಲೀಮಮ್ಮಕ್ಕ, ಇವಳು ಇಲ್ಲಿ ತೂಗುವುದಿಲ್ವಾ?”

“ಆ ಬಲೆ ಮಡಿಲಲ್ಲಿದ್ರೆ ಇಲ್ಲ ಮಗಾ. ತೆಗೆದ ಕೂಡಲೇ ಶುರು. ಅದಕ್ಕೆ ನಾನು ಅದನ್ನು ಹೊಲಿಯುವುದೇ ಬಿಟ್ಟಿದ್ದೇನೆ.” ಅಲೀಮಮ್ಮನ ಕೈ ನಿಂತಿತು. “ಮಾಸ್ಟ್ರು ಎಂತ ಹೇಳಿ ಕಳಿಸಿದ್ರು? ಬರುವುದು ಬೇಡ ಅಂತಾ?”

ಜಯ ಬಾಯಿಪಾಠ ಮಾಡಿದ ಮಾತನ್ನೇ ಹೇಳಲು ಹೊರಟಳು. ಹೊರಗೆ ಬಂದದ್ದು ಬೇರೆಯೇ.

“ನಾಳೆ ಬರುವಾಗ ಆ ಬಲೆ ತರಬೇಕಂತೆ.”

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು.

ಮರುದಿನ ಕ್ಲಾಸಿಗೆ ಮೊದಲು ಬಂದದ್ದು ಬಂಗುಡೆ ಮೀನಿನ ವಾಸನೆ. ಅದರ ಹಿಂದೆ ಬಲೆ ಹೊತ್ತುಕೊಂಡು ಝೈನಬ್. ಮಾಸ್ಟ್ರು ಬಾಯಿ ತೆರೆದರು. ಆದರೆ ಬಾಗಿಲಲ್ಲಿ ಇನ್‌ಸ್ಪೆಕ್ಟರ್ ಆಗಲೇ ಬಂದು ನಿಂತಿದ್ದರಿಂದ ತೆರೆದ ಬಾಯಲ್ಲೇ “ನಮಸ್ಕಾರ ಸಾರ್” ಎನ್ನಬೇಕಾಯಿತು.

ಇನ್‌ಸ್ಪೆಕ್ಟರ್ ಮೂಗಿಗೆ ಕರ್ಚೀಫು ಹಿಡಿದು ಕುರ್ಚಿಯಲ್ಲಿ ಕೂತರು. ಮಾಸ್ಟ್ರನ್ನು ಪಕ್ಕದ ಸ್ಟೂಲಿನಲ್ಲಿ ಕೂರಿಸಿದರು. ಝೈನಬ್ ಬಲೆ ಮಡಿಲಲ್ಲಿಟ್ಟು ಕಂಬದ ಹಾಗೆ ಕೂತಿದ್ದಳು. ಜಯ ‘ಳ’ ಬರೆದಳು. ಬಾಲ ಸಾಲು ಬಿಟ್ಟು ಹೋಗಲಿಲ್ಲ.

ಹೊಲಿಗೆ ಮೆಷಿನ್ ಮಾತ್ರ ಹೊರಟಿತ್ತು. ಹೆದರಿಕೆಗೆ ಇರಬೇಕು, ಇವತ್ತು ಡಬ್ಬಲ್ ಸ್ಪೀಡು. ಮೇಜು ಟಕಟಕ ಎಂದಿತು. ಎಳನೀರಿನ ಗ್ಲಾಸು ತಾನಾಗಿಯೇ ಅಂಚಿಗೆ ನಡೆಯಿತು. ಇನ್‌ಸ್ಪೆಕ್ಟರ್ ಹಾಕಿದ ಸಹಿ ಏಡಿಯಾಯಿತು.

ಝೈನಬ್ ಎದ್ದಳು. ಗುಂಡುಗಳ ಸದ್ದು ಮಾಡುತ್ತಾ ಬಲೆಯನ್ನು ನೆಲದಲ್ಲಿ ಎಳೆದುಕೊಂಡು ಹೋಗಿ ಮಾಸ್ಟ್ರ ಬಿಳಿ ಪ್ಯಾಂಟಿನ ಮೇಲೆ ಹೇರಿದಳು.

“ಸುಮ್ಮನೆ ಕೂತ್ಕೋ.”

ಮೊಣಕಾಲು ನಿಂತಿತು. ಮೇಜೂ ನಿಂತಿತು.

ಇನ್‌ಸ್ಪೆಕ್ಟರ್ ಮಾಸ್ಟ್ರ ಮಡಿಲನ್ನು ನೋಡಿದರು, ಆಮೇಲೆ ಝೈನಬಳನ್ನು. “ಯಾರು ಇವಳು?”

ಮಾಸ್ಟ್ರು ಎರಡೂ ಕೈಯಲ್ಲಿ ಬಲೆ ಹಿಡಿದುಕೊಂಡರು. “ನಮ್ಮ ಶಾಲೆಯವಳೇ ಸಾರ್.”

ಇನ್‌ಸ್ಪೆಕ್ಟರ್ ಮತ್ತೆ ಪೆನ್ನು ಎತ್ತಿಕೊಂಡರು. ಉಳಿದ ಸಹಿಗಳು ನೆಟ್ಟಗೆ ಬಂದವು.

ಅವರ ದೋಣಿ ಹೊರಟ ಮೇಲೆ ಮಾಸ್ಟ್ರೇ ಬಲೆಯನ್ನು ತಂದು ಝೈನಬಳ ಮಡಿಲಲ್ಲಿಟ್ಟರು. “ಬಲೆ ತರಲಿಕ್ಕೆ ಹೇಳಿದ್ದು ನಾನಾ?” ಎಂದು ಜಯಳನ್ನು ಕೇಳಿದರು. ಜಯ ಪೆನ್ನನ್ನು ಶಾಯಿಯಲ್ಲಿ ಅದ್ದಿದಳು.

“ಹಾಗಾದ್ರೆ ನಾಳೆ ತೊಳೆದು ತರಲಿಕ್ಕೂ ನಾನೇ ಹೇಳಿದ್ದೇನೆ ಅಂತ ಹೇಳು.”

ಜಯ ಮುಂದಿನ ಸಾಲು ಶುರುಮಾಡಿದಳು. ಕುಡಿಕೆಯಲ್ಲಿ ಶಾಯಿ ಸಣ್ಣಗೆ ನಡುಗುತ್ತಿತ್ತು. ಅವಳು ಝೈನಬಳನ್ನು ನೋಡಿದಳು. ಕಂಬ. ಆದರೂ ಬೆಂಚು ಅಲ್ಲಾಡುತ್ತಿತ್ತು. ಬಗ್ಗಿ ಕೆಳಗೆ ನೋಡಿದರೆ, ಅಲ್ಲಿ ಜೋರಾಗಿ ತೂಗುತ್ತಿದ್ದದ್ದು ತನ್ನದೇ ಕಾಲು.

ನಿಲ್ಲಿಸಿದಳು. ಎರಡು ಅಕ್ಷರ ಬರೆಯುವಷ್ಟರಲ್ಲಿ ಅದು ಮತ್ತೆ ಶುರು.

‘ನಾನಲ್ಲ, ಇವಳು’ ಎಂದು ನಿನ್ನೆ ಹೇಳಿದ್ದು ನೆನಪಾಯಿತು.

ಝೈನಬ್ ಕಿಟಕಿ ನೋಡುತ್ತಲೇ ಬಲೆಯ ಒಂದು ಅಂಚನ್ನು ಜಯಳ ಮೊಣಕಾಲ ಮೇಲೆ ತಳ್ಳಿದಳು. ತಣ್ಣಗಿತ್ತು, ಭಾರವಾಗಿತ್ತು, ಬಂಗುಡೆ ನಾರುತ್ತಿತ್ತು.

ಜಯ ಅದನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು.